ಹಿತಾಹಿತಾಧ್ಯಾಯ ಮತ್ತು ಹಿಟ್ಟಿನ ಹುಂಜ: ರಾಷ್ಟ್ರಕೂಟರ ನೆಲದಲ್ಲಿ ಮಾಂಸಾಹಾರದ ಜಿಜ್ಞಾಸೆ

೧

ಆಹಾರಕ್ಕಾಗಿ ಪ್ರಾಣಿಯನ್ನು ಕೊಲ್ಲುವುದು ಧರ್ಮವೇ, ಅಧರ್ಮವೇ ಎಂಬ ಪ್ರಶ್ನೆಯನ್ನು ಇತ್ತೀಚಿನದೆಂದು ಭಾವಿಸುವುದು ವಾಡಿಕೆ. ೧೯೭೫ರಲ್ಲಿ ಪ್ರಕಟವಾದ ಪೀಟರ್ ಸಿಂಗರ್‌ನ 'ಅನಿಮಲ್ ಲಿಬರೇಷನ್', ೧೯೮೩ರಲ್ಲಿ ಹೊರಬಂದ ಟಾಮ್ ರೀಗನ್‌ನ 'ದಿ ಕೇಸ್ ಫಾರ್ ಅನಿಮಲ್ ರೈಟ್ಸ್' ಈ ಎರಡು ಕೃತಿಗಳಿಂದ ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಈ ಚರ್ಚೆಗೆ ಹೊಸ ಬಿರುಸು ಬಂದುದು ನಿಜ. ಆದರೆ ಕನ್ನಡ ನಾಡಿನ ಅರಸರ ಆಸ್ಥಾನಗಳಲ್ಲಿ, ಕನ್ನಡ ಕವಿಗಳಿಗೆ ಆಕರವಾದ ಪುರಾಣಗಳಲ್ಲಿ, ಕನ್ನಡ ಕಾವ್ಯಗಳಲ್ಲಿ ಈ ಪ್ರಶ್ನೆ ಸಾವಿರ ವರ್ಷಗಳ ಹಿಂದೆಯೇ ಎದ್ದು ನಿಂತಿತ್ತು. ವೈದ್ಯನ ಮುಂದೆ, ಬೇಡನ ಮುಂದೆ, ಮದುವಣಿಗನ ಮುಂದೆ, ಅರಸನ ಮುಂದೆ ಅದು ಬೇರೆ ಬೇರೆ ರೂಪಗಳಲ್ಲಿ ಬಂದಿತು.

ಈ ಪರಂಪರೆಯನ್ನು ಕುರಿತು ಎರಡು ಬಗೆಯ ಸರಳ ತೀರ್ಮಾನಗಳು ಬಳಕೆಯಲ್ಲಿವೆ. ಕನ್ನಡದ ಹಳೆಯ ಸಾಹಿತ್ಯವೆಲ್ಲ ಅಹಿಂಸೆಯನ್ನೇ ಸಾರುತ್ತದೆ ಎಂಬುದು ಒಂದು. ಜೈನರ ಅಹಿಂಸೆ ಒಂದು ಮತದ ಆಚಾರವಾದ್ದರಿಂದ ಇತರರಿಗೆ ಅದರಿಂದ ಕಲಿಯುವುದೇನೂ ಇಲ್ಲ ಎಂಬುದು ಇನ್ನೊಂದು. ಎರಡೂ ಪಠ್ಯಗಳನ್ನು ಬಿಟ್ಟು ಮಾಡಿದ ತೀರ್ಮಾನಗಳು. ಆ ಕಾಲದ ಕೃತಿಗಳು ಯಾವ ಕಾರಣಗಳನ್ನು ಮುಂದಿಟ್ಟವು, ಯಾರನ್ನು ಉದ್ದೇಶಿಸಿ ಮಾತನಾಡಿದವು, ಯಾವ ಪ್ರಶ್ನೆಗಳಿಗೆ ಉತ್ತರಿಸದೆ ಬಿಟ್ಟವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂದು ಮಹಾರಾಷ್ಟ್ರದಲ್ಲಿ ಸೇರಿರುವ, ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜ್ಯದ ಹೃದಯಭಾಗವಾಗಿದ್ದ ನಾಸಿಕ ಹಾಗೂ ಎಲ್ಲೋರದ ಸೀಮೆಯನ್ನು ಈ ಪರಿಶೀಲನೆಗೆ ನೆಲೆಯಾಗಿ ಇಟ್ಟುಕೊಳ್ಳಲಾಗಿದೆ.

೨

'ಕವಿರಾಜಮಾರ್ಗ'ವು ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯೆಂದು ಹೇಳುತ್ತದೆ. ಆ ನದಿ ಹುಟ್ಟುವುದು ನಾಸಿಕದ ಬಳಿಯ ತ್ರ್ಯಂಬಕದ ಬೆಟ್ಟದಲ್ಲಿ. ಅದು ಮುಂದೆ ಹರಿದು ಬರುವ ಪೈಠಣ, ಅಂದರೆ ಪ್ರಾಚೀನ ಪ್ರತಿಷ್ಠಾನ, ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದೆ. ೨೦೨೩ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಈ ಜಿಲ್ಲೆಯಲ್ಲಿಯೇ ಎಲಾಪುರ, ಎಂದರೆ ಎಲ್ಲೋರ, ಇರುವುದು. ಕ್ರಿ.ಶ. ೮೧೨ರ ಬಡೋದೆಯ ತಾಮ್ರಶಾಸನವು ಎಲಾಪುರದ ಬೆಟ್ಟದ ಮೇಲಿನ ಅದ್ಭುತ ದೇವಾಲಯವನ್ನು ಕೃಷ್ಣರಾಜನ ಕೃತಿಯೆಂದು ಹೊಗಳುತ್ತದೆ. ಅದು ಒಂದನೆಯ ಕೃಷ್ಣನ ಕೈಲಾಸ ದೇವಾಲಯವೆಂಬುದನ್ನು ವಿದ್ವಾಂಸರು ಒಪ್ಪಿದ್ದಾರೆ. ಅವನ ಮೊಮ್ಮಗ ಮೂರನೆಯ ಗೋವಿಂದನು ಕೆಲವು ತಾಮ್ರಪಟಗಳನ್ನು ಮಯೂರಖಂಡಿಯಿಂದ ಹೊರಡಿಸಿದನು. ನಾಸಿಕ ಜಿಲ್ಲೆಯ ವಣಿಯಲ್ಲಿ ದೊರೆತ ತಾಮ್ರಪಟ ಅವುಗಳಲ್ಲಿ ಒಂದು. ಮಯೂರಖಂಡಿಯನ್ನು ವಣಿಯ ಸಮೀಪದ ಮಾರ್ಕಿಂಡಾ ಗಿರಿದುರ್ಗವೆಂದು ಗುರುತಿಸಲಾಗಿದೆ. ಅದರ ಎದುರಿಗಿರುವುದೇ ಸಪ್ತಶೃಂಗಿ ದೇವಿಯ ಬೆಟ್ಟ. ಗೋವಿಂದನ ಮಗ ಅಮೋಘವರ್ಷ ನೃಪತುಂಗ.

ರಾಷ್ಟ್ರಕೂಟರಿಗಿಂತ ಬಹು ಹಿಂದೆಯೇ ಈ ಸೀಮೆಯಲ್ಲಿ ಹಿಂಸೆ ಅಹಿಂಸೆಗಳ ಮಾತು ಕಲ್ಲಿನಲ್ಲಿ ಕೆತ್ತಲ್ಪಟ್ಟಿತ್ತು. ನಾಸಿಕದ ತ್ರಿರಶ್ಮಿ ಬೆಟ್ಟದ ಮೂರನೆಯ ಗುಹೆಯ ಶಾಸನದಲ್ಲಿ ಗೌತಮೀ ಬಲಶ್ರೀಯು ತನ್ನ ಮಗ ಗೌತಮೀಪುತ್ರ ಶಾತಕರ್ಣಿಯನ್ನು ಹೊಗಳುತ್ತ, ತಪ್ಪು ಮಾಡಿದ ಶತ್ರುವಿನ ಪ್ರಾಣವನ್ನೂ ಹಿಂಸಿಸುವ ರುಚಿ ಇಲ್ಲದವನೆಂದು ಹೇಳಿಸಿದ್ದಾಳೆ. ಯುದ್ಧವನ್ನೇ ವೃತ್ತಿಯಾಗಿಸಿಕೊಂಡಿದ್ದ ಅರಸನಿಗೆ ಈ ವಿಶೇಷಣ ಎಷ್ಟರಮಟ್ಟಿಗೆ ಒಪ್ಪುತ್ತಿತ್ತೆಂಬುದು ಬೇರೆ ವಿಷಯ. ಪ್ರಾಣಹಿಂಸೆಯಲ್ಲಿ ರುಚಿಯಿಲ್ಲದಿರುವುದು ಅರಸನಿಗೆ ಭೂಷಣವೆಂಬ ಭಾವನೆ ಅಂದು ರೂಪುಗೊಂಡಿತ್ತೆಂಬುದಕ್ಕೆ ಇದು ಸಾಕ್ಷಿ.

ಆ ಗುಹೆಗಳಲ್ಲಿ ನೆಲೆಸಿದ್ದ ಬೌದ್ಧ ಭಿಕ್ಷುಗಳಿಗೆ ಮಾಂಸವು ಪೂರ್ಣ ನಿಷಿದ್ಧವಾಗಿರಲಿಲ್ಲ. ತನಗಾಗಿ ಕೊಂದುದನ್ನು ಕಣ್ಣಾರೆ ಕಂಡಿರಬಾರದು, ಕಿವಿಯಾರೆ ಕೇಳಿರಬಾರದು, ಹಾಗೆಂದು ಸಂದೇಹವೂ ಬಂದಿರಬಾರದು ಎಂಬ ಮೂರು ಬಗೆಯ ಶುದ್ಧಿಯಿದ್ದರೆ ಭಿಕ್ಷೆಯಲ್ಲಿ ಬಿದ್ದ ಮಾಂಸವನ್ನು ಸ್ವೀಕರಿಸಬಹುದೆಂದು ವಿನಯಪಿಟಕ ವಿಧಿಸುತ್ತದೆ. ಮೀನು ಮಾಂಸಗಳನ್ನು ಎಲ್ಲ ಭಿಕ್ಷುಗಳಿಗೂ ಕಡ್ಡಾಯವಾಗಿ ನಿಷೇಧಿಸಬೇಕೆಂದು ದೇವದತ್ತನು ಕೇಳಿದಾಗ ಬುದ್ಧನು ಒಪ್ಪಲಿಲ್ಲ. ಬಿಡುವವನು ತಾನಾಗಿ ಬಿಡಲಿ ಎಂಬುದು ಅವನ ನಿಲುವು. ತಿನ್ನುವವನ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆ ಇಲ್ಲಿ ಸ್ಪಷ್ಟವಾಗಿ ಎದ್ದಿದೆ.

ಇದೇ ಪ್ರಶ್ನೆಗೆ ಜೈನರು ಕೊಟ್ಟ ಉತ್ತರದ ನೆನಪು ಎಲ್ಲೋರದ ಶಿಲ್ಪದಲ್ಲಿದೆ. ಮೂವತ್ತರಿಂದ ಮೂವತ್ತನಾಲ್ಕರವರೆಗಿನ ಜೈನ ಗುಹೆಗಳಲ್ಲಿ ಮೂವತ್ತೆರಡನೆಯದಕ್ಕೆ 'ಇಂದ್ರಸಭೆ' ಎಂಬ ಹೆಸರು ಬಂದಿದೆ. ಮಾವಿನ ಮರದ ಕೆಳಗೆ ಸಿಂಹದ ಮೇಲೆ ಕುಳಿತ ಸ್ತ್ರೀಮೂರ್ತಿಯನ್ನು ಜನರು ಇಂದ್ರಾಣಿಯೆಂದು ಕರೆದರು. ವಾಸ್ತವವಾಗಿ ಆಕೆ ಅಂಬಿಕೆ, ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥನ ಯಕ್ಷಿ. ನೇಮಿಯ ವೈರಾಗ್ಯದ ಕಥೆ ಜೈನ ಪುರಾಣಗಳಲ್ಲೆಲ್ಲ ಪ್ರಸಿದ್ಧ. ಕನ್ನಡದಲ್ಲಿ ಕರ್ಣಪಾರ್ಯನು ಹನ್ನೆರಡನೆಯ ಶತಮಾನದಲ್ಲಿ ಅದನ್ನು ಚಂಪುವಾಗಿ ಹಾಡಿದ್ದಾನೆ. ರಾಜೀಮತಿಯನ್ನು ಮದುವೆಯಾಗಲು ಹೊರಟ ನೇಮಿಯು ದಾರಿಯಲ್ಲಿ ಕೂಡಿಹಾಕಿದ ಮೃಗಗಳ ಕೂಗನ್ನು ಕೇಳಿ, ಅವು ತನ್ನ ಮದುವೆಯ ಔತಣಕ್ಕಾಗಿ ತಂದವೆಂದು ತಿಳಿದು, ಅಲ್ಲಿಂದಲೇ ಹಿಂದಿರುಗಿ ದೀಕ್ಷೆ ವಹಿಸಿದನು. ನೇಮಿ ಯಾವ ಪ್ರಾಣಿಯನ್ನೂ ಕೊಂದಿರಲಿಲ್ಲ, ಕೊಲ್ಲಲು ಹೇಳಿಯೂ ಇರಲಿಲ್ಲ. ತನ್ನ ನಿಮಿತ್ತವಾಗಿ ಕೊಲೆ ನಡೆಯುತ್ತದೆಂಬುದೇ ಅವನಿಗೆ ಸಾಕಾಯಿತು. ಬೌದ್ಧ ಭಿಕ್ಷುವಿಗೆ ಪಾತ್ರೆಯಲ್ಲಿ ಬಿದ್ದ ತುತ್ತಿನ ಬಗೆಗೆ ಇದ್ದ ನಿಯಮ ಇಲ್ಲಿ ಇಡೀ ಬದುಕಿನ ತಿರುವಾಗಿ ಪರಿಣಮಿಸಿದೆ.

೩

ಈ ಚರ್ಚೆ ಆಸ್ಥಾನದ ವಾದವಾಗಿ ಕಾಣಿಸುವುದು ಉಗ್ರಾದಿತ್ಯಾಚಾರ್ಯನ 'ಕಲ್ಯಾಣಕಾರಕ'ದಲ್ಲಿ. ಇದು ಸಂಸ್ಕೃತದಲ್ಲಿರುವ ವೈದ್ಯಗ್ರಂಥ. ಶ್ರೀನಂದಿಯ ಶಿಷ್ಯನಾದ ಉಗ್ರಾದಿತ್ಯನು ಇದನ್ನು ಇಪ್ಪತ್ತೈದು ಅಧಿಕಾರಗಳಲ್ಲಿ ರಚಿಸಿ, ಕೊನೆಯಲ್ಲಿ ಎರಡು ಪರಿಶಿಷ್ಟಗಳನ್ನು ಸೇರಿಸಿದ್ದಾನೆ. ಅವುಗಳಲ್ಲಿ ಎರಡನೆಯದು 'ಹಿತಾಹಿತಾಧ್ಯಾಯ'. ನೃಪತುಂಗನ ಸಭೆಯಲ್ಲಿ, ವಿದ್ವಾಂಸರೂ ವೈದ್ಯರೂ ನೆರೆದಿದ್ದಾಗ, ಮಾಂಸಸೇವನೆಯ ನಿಷ್ಫಲತೆಯನ್ನು ಪ್ರತಿಪಾದಿಸಿದ ಉಪನ್ಯಾಸವಿದೆಂದು ಗ್ರಂಥವೇ ಹೇಳುತ್ತದೆ. ಈ ಕೃತಿಯನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಯವರು ಸಂಪಾದಿಸಿ ೧೯೪೦ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು.

ಹಿತಾಹಿತಾಧ್ಯಾಯದ ಮಹತ್ತ್ವ ತಿಳಿಯಬೇಕಾದರೆ ಅದರ ಪೂರ್ವಪಕ್ಷವನ್ನು ಗಮನಿಸಬೇಕು. ಚರಕ ಸುಶ್ರುತರ ಸಂಹಿತೆಗಳಲ್ಲಿ ಮಾಂಸಕ್ಕೆ ದೊಡ್ಡ ಸ್ಥಾನವಿದೆ. ಅಲ್ಲಿ ಪ್ರಾಣಿಗಳನ್ನು ಅವುಗಳ ನೆಲೆ ಹಾಗೂ ಸ್ವಭಾವಗಳಿಗೆ ಅನುಸಾರವಾಗಿ ವರ್ಗೀಕರಿಸಿ, ಪ್ರತಿಯೊಂದು ಮಾಂಸದ ಗುಣವನ್ನು ವಿವರಿಸಲಾಗಿದೆ. ಕ್ಷಯರೋಗಿಗೆ ಮಾಂಸವೇ ಬಲವೆಂದು ಚರಕನ ಅಭಿಪ್ರಾಯ. ರೋಗಿಗೆ ಅಸಹ್ಯವೆನಿಸುವ ಮಾಂಸವನ್ನು ಬೇರೆ ಹೆಸರು ಹೇಳಿ ತಿನ್ನಿಸಬೇಕೆಂದೂ, ಕಾಗೆಯ ಮಾಂಸವನ್ನು ತಿತ್ತಿರಿಯದೆಂದು ಹೇಳಿ ಕೊಡಬೇಕೆಂದೂ ಚಿಕಿತ್ಸಾಸ್ಥಾನದಲ್ಲಿ ಸಲಹೆಯಿದೆ. ಅಂದರೆ ಅಂದಿನ ವೈದ್ಯನಿಗೆ ಮಾಂಸವು ನಾಲಗೆಯ ಚಪಲವಾಗಿರಲಿಲ್ಲ. ಪ್ರಾಣ ಉಳಿಸುವ ಉಪಾಯವಾಗಿತ್ತು. ಭೋಗಕ್ಕಾಗಿ ಕೊಲ್ಲಬಾರದು ಎಂಬುದನ್ನು ಒಪ್ಪುವವರೂ ಪ್ರಾಣರಕ್ಷಣೆಗಾಗಿ ಕೊಲ್ಲಬಹುದೆಂದು ವಾದಿಸಲು ಅವಕಾಶವಿತ್ತು. ಮಾಂಸಾಹಾರದ ಸಮರ್ಥನೆಗಳಲ್ಲಿ ಅತ್ಯಂತ ಬಲವಾದುದು ಇದೇ.

ಉಗ್ರಾದಿತ್ಯನು ಎದುರಿಸಿದ್ದು ಈ ಬಲವಾದ ಸಮರ್ಥನೆಯನ್ನು. ಅವನು ಪರಲೋಕದ ಪಾಪಫಲವನ್ನಷ್ಟೇ ಹೇಳಿ ವೈದ್ಯರ ಬಾಯಿ ಮುಚ್ಚಿಸಲು ಹೊರಡಲಿಲ್ಲ. ವೈದ್ಯರ ಸಭೆಯಲ್ಲಿ ವೈದ್ಯಶಾಸ್ತ್ರದ ಪರಿಭಾಷೆಯಲ್ಲಿಯೇ ಮಾತನಾಡಿದನು. 'ಹಿತ', 'ಅಹಿತ' ಎಂಬ ಶಬ್ದಗಳು ಆಯುರ್ವೇದದವು. ಶರೀರಕ್ಕೆ ಒಗ್ಗುವುದು ಯಾವುದು, ಒಗ್ಗದುದು ಯಾವುದು ಎಂಬುದೇ ಅವುಗಳ ಅರ್ಥ. ಇದಕ್ಕಿಂತಲೂ ಗಮನಾರ್ಹವಾದುದು ಗ್ರಂಥದ ರಚನೆ. ಪರಿಶಿಷ್ಟಕ್ಕೆ ಮೊದಲು ಬರುವ ಇಪ್ಪತ್ತೈದು ಅಧಿಕಾರಗಳಲ್ಲಿ ರೋಗಗಳ ನಿದಾನ ಹಾಗೂ ಚಿಕಿತ್ಸೆಯನ್ನು ಮಾಂಸ ಮದ್ಯಗಳ ನೆರವಿಲ್ಲದೆ ನಿರೂಪಿಸಲಾಗಿದೆ. ಮಾಂಸ ಅನಿವಾರ್ಯವಲ್ಲವೆಂಬುದಕ್ಕೆ ಇಡೀ ಗ್ರಂಥವೇ ಪ್ರಮಾಣವಾಗಿ ನಿಲ್ಲುತ್ತದೆ. ಮೊದಲು ಬದಲಿ ವ್ಯವಸ್ಥೆಯನ್ನು ಕಟ್ಟಿ ತೋರಿಸಿ, ಆಮೇಲೆ ನಿಷೇಧದ ಮಾತನಾಡಿದುದು ಉಗ್ರಾದಿತ್ಯನ ವಿಶೇಷ.

ಈ ವಾದಕ್ಕೆ ಬರಬಹುದಾದ ಮುಖ್ಯ ಆಕ್ಷೇಪ ಇಂದಿಗೂ ಕೇಳಿಬರುವಂಥದು. ಗಿಡಮರಗಳಿಗೂ ಜೀವವಿದೆ. ಕಾಳು ಸೊಪ್ಪುಗಳೂ ಜೀವಶರೀರವೇ ಆದ ಮೇಲೆ ಮಾಂಸದಲ್ಲಿ ಮಾತ್ರ ದೋಷವೇಕೆ? ಜೈನರು ಸಸ್ಯಗಳನ್ನು ಏಕೇಂದ್ರಿಯ ಜೀವಗಳೆಂದು ಒಪ್ಪುವುದರಿಂದ ಅವರಿಗೆ ಈ ಆಕ್ಷೇಪ ಹೆಚ್ಚು ತೊಡಕಿನದು. ಸೋಮದೇವಸೂರಿಯ 'ಯಶಸ್ತಿಲಕ'ದಲ್ಲಿ ಇದಕ್ಕೆ ತರ್ಕದ ಉತ್ತರವಿದೆ. ಬೇವು ಮರವೇ ಹೌದು, ಆದರೆ ಮರಗಳೆಲ್ಲ ಬೇವಲ್ಲ. ಹಾಗೆಯೇ ಮಾಂಸವು ಜೀವಶರೀರವೇ ಹೌದು, ಜೀವಶರೀರವೆಲ್ಲ ಮಾಂಸವಲ್ಲ. ಈ ದೃಷ್ಟಾಂತದಿಂದ ಎರಡೂ ಒಂದೇ ಅಲ್ಲವೆಂದು ಸಿದ್ಧವಾಗುತ್ತದೆ. ಒಂದು ಹೆಚ್ಚು ದೋಷದ್ದು, ಇನ್ನೊಂದು ಕಡಿಮೆ ದೋಷದ್ದು ಎಂಬುದಕ್ಕೆ ಬೇರೆ ಆಧಾರ ಬೇಕು. ಆ ಆಧಾರ ಜೈನರ ಇಂದ್ರಿಯಗಣನೆಯಲ್ಲಿ ದೊರೆಯುತ್ತದೆ. ಇಂದ್ರಿಯಗಳು ಹೆಚ್ಚಿದಂತೆ ನೋವಿನ ಅನುಭವವೂ ಹೆಚ್ಚು, ಆದ್ದರಿಂದ ಪಂಚೇಂದ್ರಿಯ ಪ್ರಾಣಿಯ ವಧೆ ಹೆಚ್ಚು ಗುರುತರ. ನೋವನ್ನು ಅನುಭವಿಸುವ ಸಾಮರ್ಥ್ಯವೇ ನೈತಿಕ ಪರಿಗಣನೆಗೆ ಅರ್ಹತೆ ಎಂಬ ಸಿಂಗರ್‌ನ ವಾದ ಇದರ ಸಮೀಪಕ್ಕೆ ಬರುತ್ತದೆ. ಆದರೆ ಸಿಂಗರನು ನೋವಿಲ್ಲದಲ್ಲಿ ಗೆರೆ ಎಳೆಯುತ್ತಾನೆ. ಜೈನರು ಗೆರೆ ಎಳೆಯದೆ ಮೆಟ್ಟಿಲುಗಳನ್ನು ಕಟ್ಟುತ್ತಾರೆ. ನಾಸಿಕ ಜಿಲ್ಲೆಯ ಲಾಸಲಗಾಂವ್ ದೇಶದ ಅತಿ ದೊಡ್ಡ ಈರುಳ್ಳಿ ಪೇಟೆಗಳಲ್ಲಿ ಒಂದು. ಮಾಂಸ ಬಿಟ್ಟವರಿಗೆಲ್ಲ ಶುದ್ಧ ಆಹಾರವೆನಿಸಬಹುದಾದ ಆ ಗಡ್ಡೆ ನಿಷ್ಠಾವಂತ ಜೈನನಿಗೆ ಅನಂತಕಾಯ, ಆದ್ದರಿಂದ ವರ್ಜ್ಯ. ಸಸ್ಯಾಹಾರಿಯೂ ಹಿಂಸೆಯಿಂದ ಪೂರ್ತಿ ಹೊರಗಿಲ್ಲವೆಂಬ ಎಚ್ಚರ ಈ ಮೆಟ್ಟಿಲುಗಳ ಕಲ್ಪನೆಯಲ್ಲಿದೆ.

೪

ವಾದವು ವಿದ್ವತ್ಸಭೆಯಿಂದ ಕಾಡಿಗೆ ಬಂದಾಗ ಅದರ ಸ್ವರೂಪ ಬದಲಾಗುತ್ತದೆ. ಅಮೋಘವರ್ಷನ ಗುರುವಾದ ಜಿನಸೇನನು ಆರಂಭಿಸಿದ ಮಹಾಪುರಾಣವನ್ನು ಅವನ ಶಿಷ್ಯ ಗುಣಭದ್ರನು 'ಉತ್ತರಪುರಾಣ'ದ ಮೂಲಕ ಮುಂದುವರಿಸಿದನು. ಅದರಲ್ಲಿ ಶ್ರೇಣಿಕ ಮಹಾರಾಜನ ಹಿಂದಿನ ಭವವಾದ ಖದಿರಸಾರನೆಂಬ ಬೇಡನ ಕಥೆಯಿದೆ. ವಿಂಧ್ಯದ ಅಡವಿಯಲ್ಲಿದ್ದ ಅವನಿಗೆ ಮುನಿಯೊಬ್ಬನು ಮಾಂಸತ್ಯಾಗವನ್ನು ಬೋಧಿಸಿದನು. ಬೇಡನು ಅದು ತನ್ನಿಂದ ಆಗದೆಂದನು. ಹಾಗಾದರೆ ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯಾ ಎಂದು ಮುನಿ ಕೇಳಿದನು. ಇಲ್ಲವೆಂದಾಗ, ಅದನ್ನಾದರೂ ಬಿಡು ಎಂದು ವ್ರತ ಕೊಟ್ಟನು. ಕಾಲಾನಂತರದಲ್ಲಿ ಬೇಡನಿಗೆ ರೋಗ ಬಂದಿತು. ವೈದ್ಯರು ಕಾಗೆಯ ಮಾಂಸವೇ ಮದ್ದೆಂದರು. ಬಂಧುಗಳು ಒತ್ತಾಯಿಸಿದರು. ಖದಿರಸಾರನು ಪ್ರಾಣ ಹೋದರೂ ವ್ರತ ಬಿಡುವುದಿಲ್ಲವೆಂದನು.

ಈ ಕಥೆಯನ್ನು ಹಿತಾಹಿತಾಧ್ಯಾಯದ ಜೊತೆಯಲ್ಲಿಟ್ಟು ಓದಿದರೆ ಎರಡರ ಸಂದರ್ಭ ಒಂದೇ ಎಂಬುದು ಕಾಣುತ್ತದೆ. ಕಾಗೆಯ ಮಾಂಸವನ್ನು ಕ್ಷಯದ ಮದ್ದಾಗಿ ಹೇಳಿದ ಚರಕನ ವೈದ್ಯಪದ್ಧತಿಯೇ ಇಲ್ಲಿಯ ವೈದ್ಯರ ಬಾಯಲ್ಲಿದೆ. ಉಗ್ರಾದಿತ್ಯನು ವೈದ್ಯನ ಹೊಣೆಯನ್ನು ಕುರಿತು ಚಿಂತಿಸಿದರೆ, ಗುಣಭದ್ರನು ರೋಗಿಯ ಸ್ವಾತಂತ್ರ್ಯವನ್ನು ಕುರಿತು ಚಿಂತಿಸಿದನು. ಮುನಿಯ ನಡತೆಯೂ ವಿಚಾರಾರ್ಹ. ಬೇಟೆಯೇ ಬದುಕಾದವನಿಗೆ ಪೂರ್ಣ ತ್ಯಾಗ ಅಶಕ್ಯವೆಂಬುದನ್ನು ಅವನು ಒಪ್ಪಿದನು, ಅದಕ್ಕಾಗಿ ಬೇಡನನ್ನು ಹೀಗಳೆಯಲಿಲ್ಲ. ಅವನಿಂದ ಆಗುವ ಒಂದೇ ಒಂದು ತ್ಯಾಗವನ್ನು ಹುಡುಕಿ ತೆಗೆದನು. 'ಯಶಸ್ತಿಲಕ'ದಲ್ಲಿ ಬರುವ ಮೃಗಸೇನನೆಂಬ ಬೆಸ್ತನ ಕಥೆಯೂ ಇದೇ ಜಾಡಿನದು. ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡಬೇಕೆಂಬುದಷ್ಟೇ ಅವನ ವ್ರತ. ವೃತ್ತಿಯನ್ನು ಬಿಡದೆ ವೃತ್ತಿಯ ಒಳಗೇ ದಯೆಗೆ ಒಂದು ಎಡೆ ಮಾಡುವುದು ಈ ಕಥೆಗಳ ಆಶಯ.

ಆದರೂ ಇಲ್ಲಿ ಒಂದು ಮಿತಿಯಿದೆ. ಬೇಡನಾಗಲಿ ಬೆಸ್ತನಾಗಲಿ ತಾನಾಗಿ ವಾದ ಹೂಡುವುದಿಲ್ಲ. ಬೋಧಿಸುವವನು ಮುನಿ, ಕೇಳುವವನು ಬೇಡ. ತನ್ನ ಹಸಿವೆಯ ಬಗೆಗೆ, ತನ್ನ ಕಾಡಿನ ಬಗೆಗೆ ಬೇಡನು ಹೇಳಬಹುದಾಗಿದ್ದ ಮಾತು ಪುರಾಣದಲ್ಲಿ ಬರುವುದಿಲ್ಲ.

೫

ಅರಸನ ಮುಂದೆ ಬಂದ ಪ್ರಶ್ನೆ ಯಶೋಧರನ ಕಥೆಯಲ್ಲಿದೆ. ರಾಷ್ಟ್ರಕೂಟರ ಕೊನೆಯ ಘಟ್ಟದಲ್ಲಿ, ಮೂರನೆಯ ಕೃಷ್ಣನ ಕಾಲದಲ್ಲಿ, ಈ ಕಥೆ ವಿದ್ವಾಂಸರನ್ನು ವಿಶೇಷವಾಗಿ ಸೆಳೆಯಿತು. ಸೋಮದೇವನು ೯೫೯ರಲ್ಲಿ ಅದನ್ನು ಸಂಸ್ಕೃತ ಚಂಪುವಾಗಿ ಬರೆದನು. ಮಾನ್ಯಖೇಟದಲ್ಲಿದ್ದ ಪುಷ್ಪದಂತನು ಅಪಭ್ರಂಶದಲ್ಲಿ 'ಜಸಹರಚರಿಉ' ರಚಿಸಿದನು. ಮುಂದೆ ವಾದಿರಾಜನ ಸಂಸ್ಕೃತ ಕಾವ್ಯ ಬಂದಿತು. ಈ ಪರಂಪರೆಯನ್ನು ಕನ್ನಡದಲ್ಲಿ ಅಗ್ಗಳಗೊಳಿಸಿದುದು ೧೨೦೯ರ ಸುಮಾರಿನ ಜನ್ನನ 'ಯಶೋಧರಚರಿತೆ'.

ಕಥೆಯ ತಿರುಳು ವಿದ್ಯಾರ್ಥಿಗಳಿಗೆ ಪರಿಚಿತವೇ. ದುಃಸ್ವಪ್ನದ ನೆಪ ಹೇಳಿದ ಮಗ ಯಶೋಧರನಿಗೆ ತಾಯಿ ಚಂದ್ರಮತಿ ಶಾಂತಿಗಾಗಿ ಬಲಿ ಕೊಡಲು ಹೇಳುತ್ತಾಳೆ. ಅಹಿಂಸೆಯಲ್ಲಿ ನಂಬಿಕೆಯಿದ್ದ ಮಗ ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಹುಂಜವನ್ನು ಕಡಿಯುವುದೆಂಬ ರಾಜಿಗೆ ಇಬ್ಬರೂ ಬರುತ್ತಾರೆ. ಆ ಹುಂಜದ ಚೆಲುವಿಗೆ ಮರುಳಾದ ಬೆಂತರವೊಂದು ಅದರಲ್ಲಿ ಸೇರಿರುತ್ತದೆ. ಕತ್ತಿ ಬಿದ್ದೊಡನೆ ಹುಂಜ ಕೂಗುತ್ತದೆ. ತಾಯಿ ಮಕ್ಕಳು ಆ ಪಾಪದಿಂದ ನವಿಲು ನಾಯಿ ಮೊದಲಾಗಿ ಜನ್ಮಾಂತರಗಳಲ್ಲಿ ಬೇಯುತ್ತಾರೆ. ಕೊನೆಯಲ್ಲಿ ಅಭಯರುಚಿ ಅಭಯಮತಿಯರಾಗಿ ಹುಟ್ಟಿ, ಚಂಡಮಾರಿಯ ಗುಡಿಯಲ್ಲಿ ತಾವೇ ಬಲಿಯಾಗಲು ನಿಂತಾಗ, ಅರಸ ಮಾರಿದತ್ತನಿಗೆ ತಮ್ಮ ಕಥೆ ಹೇಳಿ ಅವನನ್ನು ಹಿಂಸೆಯಿಂದ ತಿರುಗಿಸುತ್ತಾರೆ.

ಸಾಮಾನ್ಯವಾಗಿ ಇದನ್ನು ಸಂಕಲ್ಪಹಿಂಸೆಯ ಕಾವ್ಯವೆಂದು ವಿವರಿಸಲಾಗುತ್ತದೆ. ಜೈನಶಾಸ್ತ್ರದಲ್ಲಿ ಮನಸ್ಸಿನ ಹಿಂಸೆಯೂ ಹಿಂಸೆಯೇ ಆದ್ದರಿಂದ ಆ ವಿವರಣೆ ಸರಿಯಾದುದೇ. ಪ್ರಸ್ತುತ ಚರ್ಚೆಗೆ ಮುಖ್ಯವಾಗುವುದು ರಾಜಿಯ ಸ್ವರೂಪ. ಹಿಟ್ಟಿನ ಹುಂಜವು ಪ್ರಾಣಿಯನ್ನು ಉಳಿಸುತ್ತದೆ. ಲೋಕದ ಕಣ್ಣಿನಲ್ಲಿ ಅದು ಸುಧಾರಣೆಯೇ. ಕುರಿಯ ಬದಲು ಕುಂಬಳಕಾಯಿ ಕಡಿಯುವ ಪದ್ಧತಿ ಹಲವೆಡೆ ಹೀಗೆಯೇ ಬಂದಿತು. ಅಂಥ ಸುಧಾರಣೆಯನ್ನು ಜನ್ನನ ಕಾವ್ಯ ನಿರಾಕರಿಸುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಪಠ್ಯವನ್ನು ಗಮನಿಸಿದರೆ ಹಾಗಲ್ಲವೆಂದು ತೋರುತ್ತದೆ. ಯಶೋಧರನು ಬದಲಿ ವಸ್ತುವನ್ನು ಆರಿಸಿಕೊಂಡನೇ ಹೊರತು ಕೊಂದರೆ ಒಳಿತಾದೀತೆಂಬ ನಂಬಿಕೆಯನ್ನು ಬಿಡಲಿಲ್ಲ. ಹುಂಜವು ಹಿಟ್ಟಿನದಾಗಿದ್ದರೂ ಕೈಯಲ್ಲಿದ್ದ ಕತ್ತಿ ಕಬ್ಬಿಣದ್ದೇ. ಆಹಾರ ಬದಲಾಗಿ ಮನಸ್ಸು ಬದಲಾಗದ ಸಸ್ಯಾಹಾರಕ್ಕೆ ಈ ಕಾವ್ಯಕ್ಕಿಂತ ತೀಕ್ಷ್ಣವಾದ ಟೀಕೆ ಕನ್ನಡದಲ್ಲಿಲ್ಲ. ಗಿರೀಶ ಕಾರ್ನಾಡರು ೧೯೮೦ರಲ್ಲಿ ಪ್ರಕಟಿಸಿದ 'ಹಿಟ್ಟಿನ ಹುಂಜ' ನಾಟಕವು ಈ ರಾಜಿಯ ಇಕ್ಕಟ್ಟನ್ನೇ ದಾಂಪತ್ಯದ ಒಳಕ್ಕೆ ತಂದಿತು.

ಕಥೆಯ ಭವಾವಳಿಯಲ್ಲಿ ಯಶೋಧರನು ಮೀನಾಗಿ ಹುಟ್ಟಿದಾಗ ನಡೆಯುವ ಘಟನೆಯೊಂದು ಆಹಾರದ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ತಂದೆಯ ಶ್ರಾದ್ಧಕ್ಕಾಗಿ ಮಗನು ಆ ಮೀನನ್ನೇ ಅಡಿಗೆ ಮಾಡಿಸುತ್ತಾನೆ. ತಂದೆಗೆ ಉಣಿಸುತ್ತಿದ್ದೇನೆಂಬ ಭಕ್ತಿಯಿಂದ ತಂದೆಯನ್ನೇ ಬೇಯಿಸುವ ಈ ವ್ಯಂಗ್ಯಕ್ಕೆ ಪುನರ್ಜನ್ಮದ ನಂಬಿಕೆ ಆಧಾರ. ಆ ನಂಬಿಕೆ ಇಲ್ಲದ ಓದುಗನಿಗೂ ಅದರ ನೈತಿಕ ಅರ್ಥ ತಲುಪುತ್ತದೆ. ತಟ್ಟೆಯಲ್ಲಿರುವುದು ಯಾರು ಎಂದು ತಿನ್ನುವವನು ಕೇಳದಿರುವುದೇ ಅಲ್ಲಿಯ ದೋಷ.

ಬಲಿಯ ಕಲ್ಪನೆಗೆ ಮೂರನೆಯ ದಾರಿಯೊಂದು ರಾಷ್ಟ್ರಕೂಟರ ಶಾಸನದಲ್ಲಿಯೇ ಇದೆ. ಅಮೋಘವರ್ಷನು ಲೋಕದ ಉಪದ್ರವವನ್ನು ನೀಗಲು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ೮೭೧ರ ಸಂಜಾನ ತಾಮ್ರಪಟಗಳು ಹೇಳುತ್ತವೆ. ಅಲ್ಲಿ ಅವನನ್ನು ಜೀಮೂತವಾಹನ, ಶಿಬಿ, ದಧೀಚಿಗಳೊಡನೆ ಹೋಲಿಸಲಾಗಿದೆ. ಇವರೆಲ್ಲ ಇನ್ನೊಂದು ಜೀವಕ್ಕಾಗಿ ಅಥವಾ ಲೋಕಕ್ಕಾಗಿ ತಮ್ಮ ಶರೀರವನ್ನೇ ಕೊಟ್ಟವರು. ಪರರ ಪ್ರಾಣ, ಹಿಟ್ಟಿನ ಪ್ರತಿಮೆ, ತನ್ನ ಶರೀರ ಎಂಬ ಮೂರು ಬಲಿಗಳಲ್ಲಿ ಮೂರನೆಯದು ಮಾತ್ರ ಕೊಡುವವನಿಗೆ ನೋವು ತರುವಂಥದು. ಪ್ರಶಸ್ತಿಯ ಉತ್ಪ್ರೇಕ್ಷೆಯನ್ನು ಬದಿಗಿಟ್ಟರೂ, ಬೆಲೆ ತೆರಬೇಕಾದವನು ಬಯಸುವವನೇ ಎಂಬ ನ್ಯಾಯ ಆ ಹೋಲಿಕೆಯಲ್ಲಿದೆ.

೬

ಕನ್ನಡ ನಾಡಿನ ಅಡಿಗೆಮನೆ ಈ ವಾದಗಳನ್ನೆಲ್ಲ ಒಪ್ಪಿತ್ತೆಂದು ತಿಳಿಯುವಂತಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ ಹಂದಿ, ಜಿಂಕೆ, ಮೀನು, ಆಮೆಗಳಿಂದ ಹಿಡಿದು ಗದ್ದೆಯ ಇಲಿಯವರೆಗಿನ ಪಾಕಗಳಿವೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಸಸ್ಯಾಹಾರದ ಪಾಕಗಳು ಮಾತ್ರ ಇವೆ. ಎರಡೂ ಕನ್ನಡ ನೆಲದ ಕೃತಿಗಳೇ. 'ಮನುಸ್ಮೃತಿ'ಯಲ್ಲಿಯೂ ಇದೇ ಇಬ್ಬಗೆಯಿದೆ. ಕೊಲ್ಲಲು ಅನುಮತಿಸಿದವನಿಂದ ಹಿಡಿದು ಕಡಿದವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನವರೆಗೆ ಎಲ್ಲರೂ ಘಾತಕರೆಂದು ಹೇಳುವ ಅದೇ ಅಧ್ಯಾಯವು ಯಜ್ಞಕ್ಕಾಗಿ ಕೊಲ್ಲುವುದು ವಧೆಯಲ್ಲವೆಂದೂ ಹೇಳುತ್ತದೆ.

ಇದಕ್ಕಿಂತ ಗಂಭೀರವಾದ ಪ್ರತಿವಾದ ಬಂದುದು ವಚನಕಾರರಿಂದ. ಬಸವಣ್ಣನವರು ಬಲಿಗೆ ತಂದ ಕುರಿಯ ಅರಿಯದ ಸ್ಥಿತಿಯನ್ನು ಕುರಿತು ಮರುಗಿದರು, ದಯೆಯನ್ನು ಧರ್ಮದ ಮೂಲವೆಂದರು. ಅದೇ ಪರಂಪರೆಯಲ್ಲಿ ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆ ಬೇರೊಂದು ಪ್ರಶ್ನೆಯನ್ನು ಎತ್ತಿದಳು. ಕುರಿ, ಕೋಳಿ, ಮೀನು ತಿನ್ನುವವರನ್ನು ಕುಲಜರೆನ್ನುವ ಲೋಕವು ಹಸುವಿನ ಮಾಂಸ ತಿನ್ನುವವರನ್ನು ಕೀಳುಜಾತಿಯೆನ್ನುವುದು ಯಾವ ನ್ಯಾಯ ಎಂಬುದು ಅವಳ ವಚನದ ಸಾರ. ಕೊಲೆಯ ದೋಷವನ್ನು ಅಳೆಯುವ ತಕ್ಕಡಿಯಲ್ಲಿ ಜಾತಿಯ ಕಲ್ಲು ಇಟ್ಟಿರುವುದನ್ನು ಅವಳು ತೋರಿಸಿದಳು. ಖದಿರಸಾರನು ಆಡದೆ ಉಳಿದ ಮಾತು ಇಲ್ಲಿ ಅಸ್ಪೃಶ್ಯಳಾದ ಹೆಣ್ಣೊಬ್ಬಳ ಬಾಯಿಂದ ಬಂದಿದೆ.

ಈ ಪ್ರಶ್ನೆಯ ಆಧುನಿಕ ರೂಪವೂ ಮತ್ತೆ ನಾಸಿಕ ಸೀಮೆಗೇ ಕರೆದೊಯ್ಯುತ್ತದೆ. ೧೯೩೦ರ ಮಾರ್ಚ್ ೨ರಂದು ನಾಸಿಕದ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಡಾ. ಅಂಬೇಡ್ಕರರ ನಾಯಕತ್ವದಲ್ಲಿ ಸತ್ಯಾಗ್ರಹ ಆರಂಭವಾಯಿತು. ೧೯೩೫ರ ಅಕ್ಟೋಬರ್ ೧೩ರಂದು ಅದೇ ಜಿಲ್ಲೆಯ ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲವೆಂದು ಅವರು ಘೋಷಿಸಿದರು. ೧೯೫೦ರಲ್ಲಿ ಔರಂಗಾಬಾದಿನಲ್ಲಿ ಅವರು ಸ್ಥಾಪಿಸಿದ ಕಾಲೇಜು ಮುಂದೆ ಮಿಲಿಂದ ಮಹಾವಿದ್ಯಾಲಯವೆಂಬ ಹೆಸರು ಪಡೆಯಿತು. ೧೯೪೮ರ 'ದಿ ಅನ್‌ಟಚಬಲ್ಸ್' ಕೃತಿಯಲ್ಲಿ ಅವರು ಅಸ್ಪೃಶ್ಯತೆಯ ಮೂಲವನ್ನು ಗೋಮಾಂಸಭಕ್ಷಣೆಯ ಇತಿಹಾಸದೊಡನೆ ಜೋಡಿಸಿದರು. ಬೌದ್ಧರೊಡನೆ ನಡೆದ ಮೇಲುಗೈಯ ಹೋರಾಟದಲ್ಲಿ ಬ್ರಾಹ್ಮಣರು ಸಸ್ಯಾಹಾರವನ್ನು ಸ್ವೀಕರಿಸಿದರೆಂಬುದು ಅವರ ವಾದ. ಅದರ ಐತಿಹಾಸಿಕ ಭಾಗಗಳಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ಆಹಾರದ ಶುದ್ಧಿ ಮನುಷ್ಯರನ್ನು ದೂರವಿಡುವ ಸಾಧನವಾಯಿತೆಂಬ ಅದರ ತಿರುಳನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸರು ೧೯೫೨ರಲ್ಲಿ ಕೊಡವರನ್ನು ಕುರಿತ ಗ್ರಂಥದಲ್ಲಿ ಇದರ ಇನ್ನೊಂದು ಮುಖವನ್ನು ಗುರುತಿಸಿದರು. ಕೆಳಗಿನ ಜಾತಿಗಳು ಮಾಂಸ ಮದ್ಯಗಳನ್ನು ಬಿಟ್ಟು ಮೇಲಿನ ಸ್ಥಾನವನ್ನು ಬಯಸುವ ಕ್ರಮಕ್ಕೆ ಅವರು ಸಂಸ್ಕೃತೀಕರಣವೆಂದು ಹೆಸರಿಟ್ಟರು. ಅಲ್ಲಿ ಮಾಂಸ ಬಿಡುವುದಕ್ಕೆ ಕಾರಣ ಪ್ರಾಣಿಯ ಮೇಲಿನ ಕರುಣೆಯಲ್ಲ, ನೆರೆಯವನ ಕಣ್ಣಿನಲ್ಲಿ ಮೇಲೇರುವ ಹಂಬಲ. ಜನ್ನನ ಪರಿಭಾಷೆಯಲ್ಲಿ ಹೇಳುವುದಾದರೆ ಅದೂ ಹಿಟ್ಟಿನ ಹುಂಜವೇ.

೭

ಮಯೂರಖಂಡಿಯ ಎದುರಿನ ಸಪ್ತಶೃಂಗಿ ಬೆಟ್ಟದಲ್ಲಿ ಈ ಎಲ್ಲ ಎಳೆಗಳೂ ನಮ್ಮ ಕಾಲದಲ್ಲಿ ಮತ್ತೆ ಹೆಣೆದುಕೊಂಡವು. ಅಲ್ಲಿ ದಸರೆಯಂದು ಆಡಿನ ಬಲಿ ಕೊಡುವ ಪದ್ಧತಿಯಿತ್ತು. ೨೦೧೬ರ ದಸರೆಯಲ್ಲಿ, ಬಲಿಯ ಸಂದರ್ಭದಲ್ಲಿ ಆಕಸ್ಮಿಕವಾಗಿ ಹಾರಿದ ಗುಂಡಿನಿಂದ ಹಲವರು ಗಾಯಗೊಂಡರು. ಆಮೇಲೆ ಆಡಳಿತವು ಬಲಿಯನ್ನು ನಿಲ್ಲಿಸಿತು. ಆದಿವಾಸಿಗಳ ಸಂಸ್ಥೆಯೊಂದು ನ್ಯಾಯಾಲಯದ ಮೊರೆಹೊಕ್ಕಿತು. ೨೦೨೨ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಷರತ್ತುಗಳೊಡನೆ ಬಲಿಗೆ ಅವಕಾಶ ನೀಡಿತು. ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕೇಂದ್ರ ಕಾಯಿದೆಯು ಧರ್ಮದ ಅಗತ್ಯಕ್ಕೆ ಅನುಸಾರವಾದ ವಧೆಯನ್ನು ಅಪರಾಧದಿಂದ ಹೊರಗಿಟ್ಟಿದೆ. ಕರ್ನಾಟಕದಲ್ಲಿ ೧೯೫೯ರ ಪ್ರಾಣಿಬಲಿ ನಿಷೇಧ ಕಾಯಿದೆಯಿದೆ.

ಚಂಡಮಾರಿಯ ಗುಡಿಯೊಡನೆ ಈ ಪ್ರಕರಣವನ್ನು ಹೋಲಿಸಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಮಾರಿದತ್ತನು ಬಲಿಯನ್ನು ಬಿಟ್ಟುದು ಬಲಿಯಾಗಲಿದ್ದವರ ಮಾತನ್ನು ಕೇಳಿ. ಸಪ್ತಶೃಂಗಿಯಲ್ಲಿ ಬಲಿ ನಿಂತುದು ಮನುಷ್ಯರ ಸುರಕ್ಷತೆಯ ಕಾರಣದಿಂದ, ಮತ್ತೆ ಆರಂಭವಾದುದು ಮನುಷ್ಯರ ಸಂಪ್ರದಾಯದ ಹಕ್ಕಿನಿಂದ. ಆಡಿನ ನೋವು ಎರಡು ಕಡೆಯೂ ನಿರ್ಣಾಯಕವಾಗಲಿಲ್ಲ. ಹಾಗೆಂದು ನಿಷೇಧವೇ ನ್ಯಾಯವೆಂದು ಹೇಳುವುದೂ ಸುಲಭವಲ್ಲ. ವರ್ಷಕ್ಕೊಮ್ಮೆ ಎಲ್ಲರ ಕಣ್ಣೆದುರಿಗೆ ನಡೆಯುವ ಆದಿವಾಸಿಯ ಬಲಿಯನ್ನು ತಡೆಯುವ ಸಮಾಜ, ಗೋಡೆಯ ಹಿಂದೆ ದಿನದಿನವೂ ಯಂತ್ರದಂತೆ ನಡೆಯುವ ಕೋಳಿಗಳ ವಧೆಯನ್ನು ವ್ಯಾಪಾರವೆಂದು ಒಪ್ಪಿದೆ. ಕಾಳವ್ವೆಯ ತಕ್ಕಡಿಯ ಪ್ರಶ್ನೆ ಇಲ್ಲಿಗೂ ಅನ್ವಯಿಸುತ್ತದೆ. ಕೂಡಿಹಾಕಿದ ಮೃಗಗಳ ಕೂಗು ನೇಮಿಗೆ ದಾರಿಯಲ್ಲಿಯೇ ಕೇಳಿಸಿತ್ತು. ಇಂದಿನ ಪಟ್ಟಣಿಗನ ದಾರಿಯಲ್ಲಿ ಆ ಕೂಗು ಕೇಳಿಸದಂತೆ ವ್ಯವಸ್ಥೆಯಾಗಿದೆ.

ಒಟ್ಟಿನಲ್ಲಿ ಈ ಪಠ್ಯಗಳ ಅಧ್ಯಯನದಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮಾಂಸತ್ಯಾಗವನ್ನು ಬೋಧಿಸುವವನು ಉಗ್ರಾದಿತ್ಯನಂತೆ ಬದಲಿ ಆಹಾರವನ್ನೂ ಬದಲಿ ಔಷಧವನ್ನೂ ಒದಗಿಸುವ ಹೊಣೆ ಹೊರಬೇಕು. ಎರಡನೆಯದಾಗಿ, ಖದಿರಸಾರನ ಗುರುವಿನಂತೆ ಕೇಳುವವನ ಬದುಕನ್ನು ಅರಿತು ಮಾತನಾಡಬೇಕು. ತ್ಯಾಗವು ಕೇಳುವವನದಾಗಿರಬೇಕು, ಬೋಧಕನ ವಿಜಯವಾಗಬಾರದು. ಮೂರನೆಯದಾಗಿ, ಯಶೋಧರನ ಕಥೆ ತೋರಿಸುವಂತೆ, ಹಿಂಸೆಯ ಬಯಕೆ ಉಳಿದಿರುವವರೆಗೆ ಆಹಾರದ ಬದಲಾವಣೆ ಅರ್ಧ ದಾರಿಯಷ್ಟೇ. ಪ್ರಾಣಿಯನ್ನು ಉಳಿಸಿ ಮನುಷ್ಯನನ್ನು ಹೊರಗಟ್ಟುವ ಶುದ್ಧಿಯಲ್ಲಿಯೂ ಆ ಬಯಕೆ ಉಳಿದಿರಬಹುದು.

ಹೀಗೆಂದ ಮಾತ್ರಕ್ಕೆ ಮೂಲ ಪ್ರಶ್ನೆ ಕರಗುವುದಿಲ್ಲ. ಸಸ್ಯಾಹಾರದ ಹೆಸರಿನಲ್ಲಿ ನಡೆದ ಅನ್ಯಾಯಗಳಿಂದ ಪ್ರಾಣಿಯ ನೋವು ಕಡಿಮೆಯಾಗದು. ಜಾತಿಯ ಲೆಕ್ಕವನ್ನು ಪೂರ್ತಿ ತೆಗೆದುಹಾಕಿದ ಮೇಲೂ ಬೇರೊಂದು ಆಹಾರದಿಂದ ಬದುಕಬಲ್ಲವನು ಕೊಲ್ಲಬೇಕೇಕೆ ಎಂಬ ಹಿತಾಹಿತಾಧ್ಯಾಯದ ಪ್ರಶ್ನೆ ಉಳಿಯುತ್ತದೆ. ಆಯ್ಕೆಯ ಅನುಕೂಲ ಯಾರಿಗೆ ಹೆಚ್ಚಾಗಿದೆಯೋ ಅವರ ಮೇಲೆ ಅದರ ಭಾರವೂ ಹೆಚ್ಚು. ಕಾಗೆಯ ಮಾಂಸವನ್ನಷ್ಟೇ ಬಿಡಬಲ್ಲವನಾಗಿದ್ದ ಬೇಡನು ತನ್ನ ಪಾಲಿನದನ್ನು ಪ್ರಾಣವಿರುವತನಕ ಸಲ್ಲಿಸಿದನೆಂದು ಗುಣಭದ್ರನ ಪುರಾಣ ಹೇಳುತ್ತದೆ. ಅವನಿಗಿಂತ ಹೆಚ್ಚು ಬಿಡಬಲ್ಲವರ ಪಾಲು ಎಷ್ಟೆಂಬುದನ್ನು ಆ ಪುರಾಣ ಓದುಗರ ವಿವೇಚನೆಗೆ ಬಿಟ್ಟಿದೆ.